ಬಳೆ ಒಡೀತು ಅನ್ನಬಾರದಂತೆ

ಹೆಚ್ಚಿತಂತೆ! ಏನು ಹೆಚ್ಚಿತು? ಕೈಯಲ್ಲಿ ನಾಲ್ಕಿದ್ದ ಬಳೆ ಮೂರಾದ್ರೆ ಅದು ಹೆಚ್ಚಿದ್ದೋ ಕಮ್ಮಿ ಆಗಿದ್ದೋ, ಸ್ಕೂಲಿಗೆ ಹೋಗ್ತೀಯಲ್ಲ ಸಾನ್ವಿ, ನೀನೇ ಲೆಕ್ಕ ಮಾಡಿ ಹೇಳು. ನಿಮ್ಮಜ್ಜಿ ಒಳಗಿಂದ ಕೂಗಿ ಹೇಳ್ಕೊಟ್ರು, ನೀನು ಗಿಣಿ ಹಾಗೆ ಒಪ್ಪಿಸಿದೆ, 'ಅಮ್ಮಾ, ಬಳೆ ಹೆಚ್ಚಿತು' ಅಂತ. ಏಯ್, ಕೈ ಹಾಕಬೇಡ, ಚೂರು ಅಲ್ಲೇ ಬಿದ್ದಿರ್ಲಿ. ಐಶು, ನೀನೂ ಕಾಲು ಮೇಲೆ ಎತ್ಕೊಂಡು ಕಟ್ಟೆ ಮೇಲೆ ಕೂತ್ಕೋ. ಮೊನ್ನೆ ಕೇಳಿದ್ಯಲ್ಲ, 'ಸುಮಾ ಆಂಟಿ, ನಿಮ್ಮ ಆ ಕಣ್ಣು ಯಾಕೆ ಅಲ್ಲಾಡಲ್ಲ' ಅಂತ? ಅವತ್ತು ಒಲೆ ಮೇಲೆ ಸಾರಿತ್ತು, ದೇವರು ಕೊಟ್ಟಿದ್ದು ಕಣೇ ಅಂತ ಹೇಳಿ ಕಳಿಸಿದೆ. ದೇವರು ಕೊಟ್ಟಿದ್ದಲ್ಲ. ದೇವರು ಕೊಟ್ಟಿದ್ದು ಹೋಯ್ತು, ಇದು ಅಚ್ಚು ತೆಗೆದು ಮಾಡಿಸಿದ್ದು. ಹೇಗೆ ಹೋಯ್ತು ಅಂತ ಇವತ್ತು ಹೇಳ್ತೀನಿ. ಒಳಗಿರೋರಿಗೂ ಕೇಳ್ಲಿ.

ಸಾನ್ವಿ ಆಗಿನ್ನೂ ಬೋರಲು ಬೀಳೋ ಕೂಸು. ನಾನು ಬಾಣಂತನ ಮುಗಿಸ್ಕೊಂಡು ಮಲವಗೊಪ್ಪದಿಂದ, ನಮ್ಮಮ್ಮನ ಮನೆಯಿಂದ, ಈ ಜನ್ನಾಪುರಕ್ಕೆ ಬಂದು ಸ್ವಲ್ಪ ದಿನ ಆಗಿತ್ತು ಅಷ್ಟೇ. ಬರೋವಾಗ ನಮ್ಮಮ್ಮ ಎರಡೂ ಕೈ ತುಂಬ ಹಸಿರು ಗಾಜಿನ ಬಳೆ ತೊಡಿಸಿ ಕಳಿಸಿದ್ಲು. ಕೈ ಆಡಿಸಿದ್ರೆ ಘಲಘಲ. ನಿಮ್ಮಪ್ಪ ಅದನ್ನ ಕೇಳಿ, 'ನೀನು ಎಲ್ಲಿದೀಯ ಅಂತ ಹುಡುಕೋ ಹಾಗೇ ಇಲ್ಲ ಬಿಡು, ಎಮ್ಮೆ ಕೊರಳಿಗೆ ಗಂಟೆ ಕಟ್ಟಿದ ಹಾಗಿದೆ' ಅಂತಿದ್ರು. ಆವತ್ತು ಅವರು ಲಾರಿ ತಗೊಂಡು ಮಂಗಳೂರು ಕಡೆ ಲೋಡಿಗೆ ಹೋಗಿದ್ರು. ಘಾಟಿ ರಸ್ತೆ. ನಾನು ಹಿತ್ತಲಲ್ಲಿ ಒಗೆಯೋ ಕಲ್ಲಿನ ಹತ್ರ ನಿನ್ನ ಬಟ್ಟೆ ಒಗೀತಿದ್ದೆ. ಬರೀ ನಿನ್ನ ಬಟ್ಟೆ ಆಗಿದ್ರೆ ಏನೂ ಆಗ್ತಿರ್ಲಿಲ್ಲ, ನಿಮ್ಮಪ್ಪನ ಗ್ರೀಸು ಹತ್ತಿದ ಪ್ಯಾಂಟೂ ಒಂದಿತ್ತು. ಅದನ್ನ ಎತ್ತಿ ಬಡಿಯೋವಾಗ ಕೈ ಜಾರಿ ಮಣಿಕಟ್ಟು ಕಲ್ಲಿಗೆ ಹೋಗಿ ಹೊಡೀತು. ಫಟ್ ಅಂತು. ಬಳೆ ಒಡೀತು. ಹೌದು, ಒಡೀತು. ಕೈಗೆ ಒಂದು ಗೀರೂ ಆಗ್ಲಿಲ್ಲ ನೋಡಿ, ಎಡಗಣ್ಣೊಳಗೆ ಮಾತ್ರ ಸೂಜಿ ಚುಚ್ಚಿದ ಹಾಗಾಯ್ತು. ಆಮೇಲೆ ಕೆನ್ನೆ ಮೇಲೆ ಬೆಚ್ಚಗೆ ನೀರು ಇಳೀತು. ಅಳು ಅಂತ ಅಂದ್ಕೊಂಡೆ. ನಾನು ಅಳ್ತಾನೇ ಇರ್ಲಿಲ್ಲ. ಅದು ಕಣ್ಣೊಳಗಿನ ನೀರು ಅಂತ ಆಮೇಲೆ ಡಾಕ್ಟ್ರಮ್ಮ ಹೇಳಿದ್ರು. ಕರಿಗುಡ್ಡೆ ಮುಂದೆ ಗಾಜಿನ ಹಾಗೆ ಒಂದು ತೆಳ್ಳನೆ ಪದರ ಇರುತ್ತಂತೆ, ಅದು ಸೀಳಿದ್ರೆ ಒಳಗಿರೋ ನೀರು ಸೋರುತ್ತಂತೆ, ಟ್ಯೂಬಿಗೆ ಮುಳ್ಳು ಹೊಕ್ಕ ಹಾಗೆ.

'ಅತ್ತೇ, ಬಳೆ ಒಡೆದು ಕಣ್ಣಿಗೆ ಹೋಯ್ತು' ಅಂತ ಕಿರುಚಿದೆ. ಅತ್ತೆ ಓಡಿ ಬಂದ್ರು. ಬಂದೋರು ಮೊದಲು ಏನು ಮಾಡಿದ್ರು ಹೇಳಿ? ನನ್ನ ಕಣ್ಣು ನೋಡ್ಲಿಲ್ಲ, ಬಾಯಿ ಮುಚ್ಚಿದ್ರು. ಸೋಪಿನ ನೊರೆ ಇತ್ತು ನನ್ನ ಮುಖದ ಮೇಲೆ, ಅದರ ಮೇಲೇ ಕೈ ಇಟ್ಟು, 'ಮುಚ್ಚೇ ಬಾಯಿ. ಗಂಡ ಘಾಟಿಯಲ್ಲಿದಾನೆ. ತುಂಬಿದ ಮುತ್ತೈದೆ ಬಾಯಲ್ಲಿ ಆ ಮಾತು ಬರಬಾರದು. ಹೆಚ್ಚಿತು ಅನ್ನು.' ನಾನು ಒಂದು ಕೈಯಲ್ಲಿ ಕಣ್ಣು ಹಿಡ್ಕೊಂಡು ಕುಣೀತಿದೀನಿ, ಇವರು ಅನ್ನು ಅನ್ನು ಅಂತ ನಿಂತಿದಾರೆ. ಅಂದೆ, ಇನ್ನೇನು ಮಾಡ್ಲಿ. ನಗಬೇಡ ಐಶು, ನಿಮ್ಮಜ್ಜೀನೂ ಹಾಗೇ. ಈಗ ಒಂದು ಮಾತು ಹೇಳ್ಬೇಕು, ಇಲ್ಲಾಂದ್ರೆ ಅತ್ತೇನ ಬರೀ ಬೈದ ಹಾಗಾಗುತ್ತೆ. ಅವರ ಗಂಡ, ಅಂದ್ರೆ ಸಾನ್ವಿ ನಿಮ್ಮಜ್ಜ, ಕೆಲಸದ ಜಾಗದಲ್ಲೇ ಕಬ್ಬಿಣ ಮೈಮೇಲೆ ಬಿದ್ದು ಹೋದ್ರು. ಅದರ ಹಿಂದಿನ ದಿನ ಅತ್ತೆ ನಲ್ಲಿ ಹತ್ರ ಕೊಡ ಎತ್ತೋವಾಗ ಬಳೆ ಹೋಯ್ತಂತೆ, ಆಗ ಹುಡುಗಾಟಕ್ಕೆ 'ಅಯ್ಯೋ ಒಡೀತಲ್ಲ' ಅಂತ ನಕ್ಕಿದ್ರಂತೆ. ಅವತ್ತಿಂದ ಅವರಿಗೆ ಆ ಮಾತು ಅಂದ್ರೆ ಬೆಂಕಿ. ಅವರ ಬರಿಗೈ ನೋಡಿದೀರಲ್ಲ. ಆ ಕೈಯಲ್ಲೇ ನನ್ನ ಬಾಯಿ ಮುಚ್ಚಿದ್ದು. ಭಯ ಅವರದ್ದು, ನಿಜವಾದ ಭಯ. ಆದ್ರೆ ಕಣ್ಣು ನಂದು.

ಸಂಜೆ ಇಲ್ಲೇ ಪಕ್ಕದ ಕ್ಲಿನಿಕ್ಕಿಗೆ ಹೋದ್ವಿ. ಜ್ವರ, ಕೆಮ್ಮು ನೋಡೋ ಡಾಕ್ಟ್ರು ಅವರು, ಕಣ್ಣಿನೋರಲ್ಲ. 'ಏನಾಯ್ತಮ್ಮಾ' ಅಂದ್ರು. ನಾನು ಬಾಯಿ ಬಿಡೋಕೆ ಮುಂಚೆ ಅತ್ತೆ, 'ಸೋಪಿನ ನೀರು ಬಿತ್ತು ಸಾರ್, ಜೋರಾಗಿ ಉಜ್ಜಿಕೊಂಡ್ಲು' ಅಂದ್ರು. 'ಬರೀ ಸೋಪೇನಾ? ಏನಾದ್ರೂ ಬಡೀತಾ, ಚುಚ್ಚಿತಾ?' ಅಂತ ಅವರು ಎರಡನೇ ಸಲ ಕೇಳಿದ್ರು, ಪಾಪ. ಅವರನ್ನ ಏನೂ ಅನ್ನೋ ಹಾಗಿಲ್ಲ. ಅತ್ತೆ ನನ್ನ ಸೊಂಟದ ಹತ್ರ ಚಿವುಟಿದ್ರು. ಆ ಹೊತ್ತಿಗೆ ನಿಮ್ಮಪ್ಪನ ಫೋನೂ ಸಿಗ್ತಿರ್ಲಿಲ್ಲ, ಘಾಟಿಯಲ್ಲಿ ಸಿಗ್ನಲ್ ಎಲ್ಲಿರುತ್ತೆ. ನಾನು ಹತ್ತನೇ ಕ್ಲಾಸು ಓದಿದೋಳು, ಸೈನ್ಸಲ್ಲಿ ಕಣ್ಣಿನ ಚಿತ್ರ ಬರೆದು ಭಾಗ ಗುರುತಿಸಿದೋಳು, ಯಾರ ಹತ್ರಾನೂ ಮಾತಲ್ಲಿ ಸೋತೋಳಲ್ಲ. ಆದ್ರೂ ಅವತ್ತು ನಾಲಿಗೆ ಏಳ್ಲಿಲ್ಲ. ನಿಮ್ಮಪ್ಪನ ಲಾರಿ ತಿರುವಿನಲ್ಲಿ ಓರೆಯಾದ ಹಾಗೆ ಕಣ್ಮುಂದೆ ಬರ್ತಿತ್ತು. ಡಾಕ್ಟ್ರು ನೀರಲ್ಲಿ ತೊಳೆದ್ರು, ಮುಲಾಮು ಹಾಕಿದ್ರು, ಹತ್ತಿ ಇಟ್ಟು ಪಟ್ಟಿ ಅಂಟಿಸಿದ್ರು. 'ಬೆಳಿಗ್ಗೆಗೆ ಕಮ್ಮಿ ಆಗ್ಲಿಲ್ಲ ಅಂದ್ರೆ ಶಿವಮೊಗ್ಗದಲ್ಲಿ ಕಣ್ಣಿನ ಡಾಕ್ಟ್ರಿಗೆ ತೋರಿಸಿ, ತಡ ಮಾಡಬೇಡಿ' ಅಂದ್ರು. ಸೋಪು ಅಂದೋರಿಗೆ ಸೋಪಿನ ಔಷಧಿ ಕೊಟ್ರು.

ಬೆಳಿಗ್ಗೆ ಕಮ್ಮಿ ಆಗ್ಲಿಲ್ಲ. ರೆಪ್ಪೆ ಬನ್ನಿನ ಹಾಗೆ ಊದಿತ್ತು. ಅತ್ತೆಗೆ ಇನ್ನೊಂದು ಔಷಧಿ ಗೊತ್ತಿತ್ತಲ್ಲ, ಎದೆಹಾಲು. ಕಣ್ಣು ಕೆಂಪಾದ್ರೆ ಈ ಬೀದಿಯೋರೆಲ್ಲ ಬಾಣಂತಿ ಇರೋ ಮನೆ ಹುಡುಕ್ಕೊಂಡು ಕೂಸಿಗೆ ಹಾಲು ಕುಡಿಸೋ ಒಳಲೆ ಹಿಡ್ಕೊಂಡು ಬರ್ತಾರೆ. ನನ್ನ ಹತ್ರಾನೂ ಬಂದು ಇಸ್ಕೊಂಡು ಹೋಗಿದ್ರು. ಈಗ ನಂಗೇ ಬೇಕಾಯ್ತು. ನನ್ನ ಹಾಲು ನಾನೇ ಹಿಂಡಿ, ಅತ್ತೆ ನನ್ನ ತಲೆ ತೊಡೆ ಮೇಲೆ ಇಟ್ಕೊಂಡು ಒಳಲೆಯಲ್ಲಿ ಕಣ್ಣಿಗೆ ಬಿಟ್ರು. ಕೂಸು ಪಕ್ಕದಲ್ಲಿ ಹಸಿದು ಅಳ್ತಿತ್ತು. ತಂಪಾಯ್ತಾ ಅಂದ್ರು. ತಂಪಾಯ್ತು ಅಂದೆ, ಅಷ್ಟು ಪ್ರೀತಿಯಿಂದ ಕೇಳಿದ್ರು. ಗಾಯ ಬಾಯಿ ಬಿಟ್ಕೊಂಡಿತ್ತಲ್ಲ, ಒಳಗೆ ಏನೇನು ಹೋಯ್ತೋ. ಆಗ ಐಶು, ಪಕ್ಕದ ಮನೆಯಿಂದ ನಿಮ್ಮಮ್ಮ ಬಂದ್ಲು, ಸೆಲ್ವಿ ಅಕ್ಕ, ಹಿಟ್ಟು ಕೇಳ್ಕೊಂಡು. ಪಟ್ಟಿ ಸರಿಸಿ ನೋಡಿದೋಳು, 'ಅಯ್ಯಯ್ಯೋ, ಏನಮ್ಮಾ ಇದು, ಕಣ್ಣಿನ ಕಪ್ಪು ರೌಂಡೇ ಇಲ್ಲ, ನೀರಿನ ಹನಿ ಥರ ಒಂದು ಕಡೆಗೆ ಎಳ್ಕೊಂಡಿದೆ! ಕರ್ಕೊಂಡು ಹೋಗಿ ಮಾರಾಯ್ತಿ, ಶಿವಮೊಗ್ಗ ಏನು ದೇಶ ಬಿಟ್ಟು ಇದೆಯಾ?' ಅಂದ್ಲು. ಅತ್ತೆ, 'ನಾಳೆ ಮಂಜ ಬರ್ತಾನಮ್ಮಾ, ಬಂದ ಮೇಲೆ ಹೋಗ್ತೀವಿ' ಅಂದ್ರು. 'ಮಂಜಣ್ಣ ಬಂದು ಏನು, ಊದಿ ಸರಿ ಮಾಡ್ತಾರಾ?' ಅಂತ ಸೆಲ್ವಿ ಅಕ್ಕ ರೇಗಿದ್ಲು. ಅತ್ತೆ ಪಟ್ಟಿ ಮತ್ತೆ ಅಂಟಿಸಿದ್ರು. ಅಲ್ಲಿ ಹೋದ್ರೆ ಕಣ್ಣಿನ ಡಾಕ್ಟ್ರು ಕೇಳೇ ಕೇಳ್ತಾರೆ, ನಾನು ಹೇಳೇ ಹೇಳ್ತೀನಿ ಅಂತ ಅವರಿಗೆ ಗೊತ್ತು. ಮಗ ರಸ್ತೆ ಮೇಲಿದ್ದಾಗ ಆ ಮಾತು ಹೊರಗೆ ಬೀಳಬಾರದು, ಅಷ್ಟೇ ಅವರ ಲೆಕ್ಕ.

ಮಾರನೇ ದಿನ ನಿಮ್ಮಪ್ಪ ಬಂದ್ರು. ಶಿಳ್ಳೆ ಹೊಡ್ಕೊಂಡು, ಕೈಯಲ್ಲಿ ಒಣಮೀನಿನ ಪೊಟ್ಟಣ ಬೇರೆ. ಲಾರಿಗೆ ಒಂದು ಗೀರಿಲ್ಲ, ಟೈರು ಪಂಚರ್ ಸಹ ಆಗಿರ್ಲಿಲ್ಲ. ಇಲ್ಲೇ, ಈ ಬಾಗಿಲಲ್ಲೇ ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ರು. ಅತ್ತೆ ನನ್ನ ಕಡೆ ತಿರುಗಿ, 'ಈಗ ಹೇಳೇ ಸುಮಾ, ಈಗ ಹೇಳು' ಅಂದ್ರು. ಕೇಳಿಸ್ಕೊಂಡ್ರಾ? ಅಷ್ಟು ಹೊತ್ತೂ ಬೀಗ ಹಾಕಿಟ್ಟು ಆಗ ಬೀಗದ ಕೈ ಕೊಟ್ರು. ನಾನು ಪಟ್ಟಿ ತೆಗೆದು ತೋರಿಸಿದೆ ಅಷ್ಟೇ. ನಿಮ್ಮಪ್ಪನ ಕೈಯಿಂದ ಮೀನಿನ ಪೊಟ್ಟಣ ಬಿತ್ತು. ಕರಿಗುಡ್ಡೆ ಕೆಳಗಡೆ ಮಜ್ಜಿಗೆ ತಳದಲ್ಲಿ ಕೂತ ಹಾಗೆ ಬೆಳ್ಳಗೆ ಕೀವು ನಿಂತಿತ್ತಂತೆ. ಆ ಕಣ್ಣಲ್ಲಿ ನಂಗೆ ಅವರ ಮುಖ ಕಾಣ್ಲಿಲ್ಲ, ಬಾಗಿಲ ಬೆಳಕು ಮಾತ್ರ ಮಂಜು ಮಂಜಾಗಿ.

ಶಿವಮೊಗ್ಗದ ಕಣ್ಣಿನಾಸ್ಪತ್ರೆಯಲ್ಲಿ ಒಬ್ಬರು ಡಾಕ್ಟ್ರಮ್ಮ ಇದ್ರು, ಮಾತು ಕಮ್ಮಿ. 'ಹೇಗಾಯ್ತು' ಅಂದ್ರು. 'ಗಾಜಿನ ಬಳೆ ಒಡೆದು ಹೋಯ್ತು ಮೇಡಂ' ಅಂತ ಒಂದೇ ಉಸಿರಿಗೆ ಹೇಳಿದೆ. ಅತ್ತೆ ಹಿಂದೆ ನಿಂತು ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡ್ರು. 'ಯಾವಾಗ?' ಹೇಳಿದೆ. ಡಾಕ್ಟ್ರಮ್ಮ ಬರೀತಿದ್ದ ಪೆನ್ನು ಕೆಳಗಿಟ್ರು. ಬೈದಿದ್ರೆ ಚೆನ್ನಾಗಿರ್ತಿತ್ತು. ಬೈಲಿಲ್ಲ. ತೊಳೀಲಿಲ್ಲ, ಮುಲಾಮು ಹಾಕ್ಲಿಲ್ಲ, ಹತ್ತಿ ಇಡ್ಲಿಲ್ಲ. ಬಟ್ಟಲು ಕವುಚಿದ ಹಾಗಿರೋ ಗಟ್ಟಿ ಪ್ಲಾಸ್ಟಿಕ್ ಮುಚ್ಚಳ ಒಂದನ್ನ ಹಣೆಗೂ ಕೆನ್ನೆಗೂ ಸೇರಿಸಿ ಅಂಟಿಸಿದ್ರು, ಕಣ್ಣಿಗೆ ತಾಗದ ಹಾಗೆ. 'ಒಡೆದ ಕಣ್ಣನ್ನ ಒತ್ತಬಾರದಮ್ಮ, ತೊಳೀಬಾರದು, ಏನೂ ಬಿಡಬಾರದು. ಏನೂ ಸಿಗ್ಲಿಲ್ಲ ಅಂದ್ರೆ ಒಂದು ಪೇಪರ್ ಲೋಟ ಮುಚ್ಚಿಕೊಂಡು ಬಸ್ ಹತ್ತಿ ಬರಬೇಕು. ಅವತ್ತೇ ಬರಬೇಕು.' ಎದೆಹಾಲು ಬಿಟ್ವಿ ಅಂತ ನಿಮ್ಮಪ್ಪ ಹೇಳಿದಾಗ ಅವರು ಕಿಟಕಿ ಕಡೆ ನೋಡಿದ್ರು. ತೋಳಿಗೆ ಧನುರ್ವಾಯುವಿನ ಇಂಜೆಕ್ಷನ್, ಕೈಗೆ ಡ್ರಿಪ್ಪು. ಸ್ಕ್ಯಾನಿಂಗ್ ಮಾಡಿಸಿದ್ರು. ಅದರಲ್ಲಿ ಕಂಡಿತು ನೋಡಿ, ಕಣ್ಣಿನ ಒಳಗಡೆ, ಹಿಂದಕ್ಕೆ, ಒಂದು ಬಿಳಿ ಚುಕ್ಕೆ. ನಮ್ಮಮ್ಮ ತೊಡಿಸಿದ ಬಳೆ. ಆಪರೇಷನ್ ಕೂಡಲೇ ಆಗಬೇಕು ಅಂದ್ರು, ಆದ್ರೆ ಅರಿವಳಿಕೆ ಕೊಡೋಕೆ ಹೊಟ್ಟೆ ಖಾಲಿ ಇರಬೇಕು. 'ಏನಾದ್ರೂ ತಿಂದಿದೀರಾ?' ತಿಂದಿದ್ದೆ. ಬಸ್ ಸ್ಟ್ಯಾಂಡಲ್ಲಿ ಅತ್ತೆ, ಹಾಲೂಡಿಸೋಳು ಹಸ್ಕೊಂಡಿರಬಾರದು ಅಂತ ಎರಡು ಇಡ್ಲಿ, ಒಂದು ಕಾಫಿ ಬಲವಂತವಾಗಿ ತಿನ್ನಿಸಿದ್ರು. ಇಡ್ಲಿ ಕರಗೋವರೆಗೂ ಕಾದ್ವಿ. ಅಷ್ಟು ದಿನ ಕಾದೋರಿಗೆ ಅದೊಂದು ಬಾಕಿ ಇತ್ತು.

ಒಳಗೆ ಏನು ಮಾಡಿದ್ರೋ ನಂಗೆ ಗೊತ್ತಿಲ್ಲ, ನಿದ್ದೆ. ಗಾಜು ತೆಗೆದ್ರು, ಕೂದಲಿಗಿಂತ ಸಣ್ಣ ದಾರದಲ್ಲಿ ಹೊಲಿದ್ರು, ಕೀವು ಸಾಯ್ಲಿ ಅಂತ ಕಣ್ಣೊಳಗೇ ಔಷಧಿ ಚುಚ್ಚಿದ್ರು. ಎದ್ದಾಗ ಎದೆ ಕಲ್ಲಾಗಿತ್ತು, ಕೂಸು ವಾರ್ಡಿನ ಆ ತುದಿಯಲ್ಲಿ ಅತ್ತೆ ಹೆಗಲ ಮೇಲೆ ಅಳ್ತಿತ್ತು. ಆಮೇಲೆ ದಿನಾ ಬೆಳಿಗ್ಗೆ ಡಾಕ್ಟ್ರಮ್ಮ ಬಲಗಣ್ಣು ಮುಚ್ಚಿ ಎಡಗಣ್ಣಿಗೆ ಟಾರ್ಚು ಹಿಡಿಯೋರು. 'ಬೆಳಕು ಎಲ್ಲಿಂದ ಬರ್ತಿದೆ ಹೇಳಿ.' ಮೊದಲ ದಿನ ಏನೋ ಮಿಂಚಿದ ಹಾಗಿತ್ತು, ಮೇಲೆ ಅಂದೆ, ಸರಿಯಾಯ್ತು. ಆಮೇಲೆ ಏನೂ ಇಲ್ಲ. ಕತ್ತಲು ಅಂತಾನೂ ಅಲ್ಲ ಕಣ್ರೇ. ಈಗ ನಿಮ್ಮ ಮೊಣಕೈಯಿಂದ ನೋಡಿ ಅಂದ್ರೆ ಏನು ಕಾಣುತ್ತೆ? ಹಾಗೆ. ಡಾಕ್ಟ್ರಮ್ಮ ಮತ್ತೆ ಕೇಳಿದ್ರು. ಹಿಂದಿಂದ ಪಿಸಪಿಸ, 'ಬಲಗಡೆ ಅನ್ನೇ... ಬಲಗಡೆ...' ಅತ್ತೆ! ಪರೀಕ್ಷೆಯಲ್ಲಿ ಕಾಪಿ ಹೊಡೆಸೋ ಹಾಗೆ ಹೇಳ್ಕೊಡ್ತಿದಾರೆ. ನಾನು 'ಬಲಗಡೆ' ಅಂದೆ. ಡಾಕ್ಟ್ರಮ್ಮ ಟಾರ್ಚು ಆರಿಸಿದ್ರು. 'ಅಜ್ಜಿ, ನೀವು ಪಾಸಾದ್ರಿ. ಅವರು ಹೇಳ್ಲಿ' ಅಂದ್ರು. ಪಕ್ಕದ ಮಂಚದೋರೆಲ್ಲ ನಕ್ರು, ನಾನೂ ನಕ್ಕೆ. ನಕ್ಕಿದ್ದಕ್ಕೆ ಹೊಲಿಗೆ ಎಳೆದು ಜೀವ ಹೋಯ್ತು.

ಕಣ್ಣಿನ ಹಿಂದಿನ ಪರದೆ ನೋಡೋ ಡಾಕ್ಟ್ರು ಬೇರೆಯೋರು ಬಂದ್ರು, ಮೆಷಿನ್ ಇಟ್ಟು ನೋಡಿದ್ರು, ಅವರಿಬ್ಬರೂ ಇಂಗ್ಲಿಷಲ್ಲಿ ಮಾತಾಡಿಕೊಂಡ್ರು. ಇಂಗ್ಲಿಷ್ ಬರದಿದ್ರೂ ತಲೆ ಅಲ್ಲಾಡಿಸೋದು ಎಲ್ಲ ಭಾಷೆಗೂ ಒಂದೇ. ಡಾಕ್ಟ್ರಮ್ಮ ನಮ್ಮನ್ನ ಕೂರಿಸಿ ಹೇಳಿದ್ರು: 'ಈ ಕಣ್ಣು ಹೋಯ್ತು. ಇನ್ನು ಬೆಳಕು ಬರಲ್ಲ. ಕೀವು ಹತೋಟಿಗೆ ಬಂದಿಲ್ಲ, ನೋವೂ ನಿಲ್ಲಲ್ಲ. ಇನ್ನೊಂದು ವಿಷಯ. ಹೀಗೆ ಒಡೆದ ಕಣ್ಣು ಹಾಗೇ ಇದ್ರೆ, ಅಪರೂಪಕ್ಕೆ ಚೆನ್ನಾಗಿರೋ ಕಣ್ಣನ್ನೂ ಕೆಡಿಸುತ್ತೆ. ನಮ್ಮ ಮೈಯೇ ಅದರ ಮೇಲೆ ತಿರುಗಿ ಬೀಳುತ್ತೆ. ತುಂಬ ಅಪರೂಪ, ಹೆದರಿಸ್ತಿಲ್ಲ. ಆದ್ರೆ ತೆಗೆಯೋದು ಒಳ್ಳೇದು.' ತೆಗೆಯೋದು ಅಂದ್ರೆ ಏನು ಅಂತ ನಿಮ್ಮಪ್ಪ ಕೇಳಿದ್ರು. ಗೊತ್ತಿದ್ದೂ ಕೇಳಿದ್ರು. ಅತ್ತೆ ನಿಂತಲ್ಲೇ ಕೂತ್ಬಿಟ್ರು, 'ನಂದು ತೆಗೀರಿ ಮೇಡಂ, ನಂದು ತೆಗೆದು ಇವಳಿಗೆ ಹಾಕಿ. ನಾನು ನೋಡಬೇಕಾದ್ದೆಲ್ಲ ನೋಡಾಯ್ತು.' ಹಾಗೆ ಹಾಕೋಕೆ ಬರಲ್ಲಮ್ಮ, ಸತ್ತೋರ ಕಣ್ಣಿನ ಮುಂದಿನ ಪದರ ಮಾತ್ರ ಹಾಕಬಹುದು, ಇವರದ್ದು ಒಳಗೇ ಹಾಳಾಗಿದೆ ಅಂದ್ರು ಡಾಕ್ಟ್ರಮ್ಮ. 'ಹಾಗಾದ್ರೆ ಇರ್ಲಿ ಬಿಡಿ. ಕಾಣದಿದ್ರೂ ಇರ್ಲಿ, ಮುಖ ತುಂಬಿಕೊಂಡಿರ್ಲಿ. ಹೆಣ್ಣುಮಗಳು' ಅಂದ್ರು ಅತ್ತೆ. ನಿಮ್ಮಪ್ಪನೂ, 'ಸ್ವಲ್ಪ ದಿನ ನೋಡೋಣ್ವಾ ಮೇಡಂ' ಅಂದ್ರು. ನೋಡೋಣಂತೆ! ನಿನ್ನನ್ನ ತೊಡೆ ಮೇಲೆ ಹಾಕ್ಕೊಂಡಿದ್ದೆ ಸಾನ್ವಿ. ನೀನು ಆ ಪ್ಲಾಸ್ಟಿಕ್ ಮುಚ್ಚಳ ಕೀಳೋಕೆ ಕೈ ಚಾಚ್ತಿದ್ದೆ. ಬಲಗಣ್ಣಲ್ಲಿ ನಿನ್ನ ಬಾಯಿ ನೋಡ್ದೆ, ಕೆಳಗಿನ ವಸಡಲ್ಲಿ ಅಕ್ಕಿ ಮುರುಕಿನ ಹಾಗೆ ಒಂದು ಹಲ್ಲು ಎದ್ದಿತ್ತು. ಯಾರೂ ನೋಡಿರ್ಲಿಲ್ಲ ಅದನ್ನ, ನಾನೇ ಮೊದಲು. 'ತೆಗೀರಿ' ಅಂದೆ. 'ಇನ್ನು ಯಾರೂ ಬರೋವರೆಗೂ ಕಾಯಲ್ಲ, ತೆಗೀರಿ.'

ತೆಗೆದ್ರು. ಏನೋ ಗೆದ್ದೆ ಅಂತ ಅಂದ್ಕೋಬೇಡಿ, ಗೆದ್ದಿದ್ದೇನೂ ಇಲ್ಲ. ಗಾಯ ಮಾಗಿದ ಮೇಲೆ ಅಚ್ಚು ತೆಗೆದು ಈ ಕಣ್ಣು ಮಾಡಿಕೊಟ್ರು. ಬಣ್ಣ ಹೊಂದಿಸಿದ್ರು, ನರದ ಕೆಂಪು ಗೆರೆ ಸಹ ಎಳೆದ್ರು, ಆದ್ರೆ ಅಲ್ಲಾಡಲ್ಲ. ನವುಲೆ ಹತ್ರ ನಮ್ಮ ಚಿಕ್ಕಪ್ಪನ ಮಗಳ ಮದುವೆಗೆ ಹೋಗಿದ್ದೆ, ಆರತಿ ತಟ್ಟೆ ನನ್ನನ್ನ ದಾಟಿ ಪಕ್ಕದೋಳ ಕೈಗೆ ಹೋಯ್ತು. ಯಾರೂ ಏನೂ ಅನ್ನಲಿಲ್ಲ, ತಟ್ಟೆ ಮಾತ್ರ ದಾರಿ ಬದಲಾಯಿಸ್ತು. ಕೂಸು ಸ್ವಲ್ಪ ದೊಡ್ಡದಾದ ಮೇಲೆ ಗಾರ್ಮೆಂಟ್ಸಿಗೆ ಸೇರ್ತೀನಿ ಅಂತ ಮಾತಾಗಿತ್ತು, ಬಸ್ ಪಾಸಿಗೆ ಫೋಟೋನೂ ತೆಗೆಸಿದ್ದೆ. ಎರಡು ಕಣ್ಣಿರೋ ಫೋಟೋ, ಪೆಟ್ಟಿಗೆಯಲ್ಲಿದೆ. ಹೋದೆ. ಅಲ್ಲಿನ ಮೇಡಂ ಸೂಜಿಗೆ ದಾರ ಪೋಣಿಸಿ ಅಂದ್ರು. ದಾರ ಸೂಜಿಯ ಆಚೆಗೆ ಹೋಗುತ್ತೆ, ಈಚೆಗೆ ಹೋಗುತ್ತೆ, ತೂತಿಗೆ ಮಾತ್ರ ಹೋಗಲ್ಲ. ಒಂದೇ ಕಣ್ಣಿಗೆ ಹತ್ರ ಯಾವುದು ದೂರ ಯಾವುದು ಗೊತ್ತಾಗಲ್ಲ ನೋಡಿ. ಈಗಲೂ ಕಾಫಿ ಸುರಿದ್ರೆ ಲೋಟದ ಪಕ್ಕಕ್ಕೆ. ನೀವಿಬ್ಬರೂ ನಗ್ತೀರಲ್ಲ ಅದಕ್ಕೇ, ನಗಿ ನಗಿ. ಈ ಕನ್ನಡಕಕ್ಕೆ ಪವರೇ ಇಲ್ಲ. ಇರೋ ಒಂದು ಕಣ್ಣಿಗೆ ಏನೂ ಹಾರಿ ಬಂದು ಬೀಳದಿರ್ಲಿ ಅಂತ ಡಾಕ್ಟ್ರಮ್ಮ ಹಾಕಿಸಿದ್ದು, ಬಟ್ಟೆ ಒಗೆಯೋವಾಗ್ಲೂ ತೆಗೆಯಲ್ಲ. ಬೀದಿಯೋರು 'ಟೀಚರಮ್ಮ' ಅಂತ ಆಡ್ಕೋತಾರೆ. ಬಲಗಣ್ಣು ಸ್ವಲ್ಪ ಕೆಂಪಾದ್ರೂ, ಬೆಳಕಿಗೆ ಚುಚ್ಚಿದ್ರೂ ಅವತ್ತೇ ಬರಬೇಕು ಅಂದಿದಾರೆ. ಈರುಳ್ಳಿ ಹೆಚ್ಚಿ ಕಣ್ಣು ಕೆಂಪಾದ್ರೂ ಕನ್ನಡಿ ಹಿಡ್ಕೊಂಡು ಬಾಗಿಲ ಬೆಳಕಿಗೆ ಓಡ್ತೀನಿ. ಈ ಭಯಕ್ಕೆ ಇಂಥ ದಿನ ಮುಗೀತು ಅಂತ ಇಲ್ಲ, ಇರೋವರೆಗೂ ಇದೇ.

ಅತ್ತೆ ಏನಂತಾರೆ ಗೊತ್ತಾ? ನಂಗೆ ಅಂತಲ್ಲ, ಊರೋರಿಗೆ. 'ನನ್ನ ಸೊಸೆ ಬಾಯಿ ಮುಚ್ಚಿಕೊಂಡು ನೋವು ನುಂಗಿದ್ದಕ್ಕೇ ನನ್ನ ಮಗ ಕೂದಲು ಕೊಂಕದೆ ಮನೆಗೆ ಬಂದ' ಅಂತ. ಹೊಗಳ್ತಾರೆ ನನ್ನ! ಅವರ ಲೆಕ್ಕದಲ್ಲಿ ಸರಿಯಾಗೇ ಇದೆ, ಕಣ್ಣು ಕೊಟ್ಟು ಗಂಡನ್ನ ಬಿಡಿಸ್ಕೊಂಡೆ. ಜಗಳ ಆಡಿ ಆಡಿ ಸಾಕಾಗಿದೆ. ಹೇಗೆ ತಪ್ಪು ಅಂತ ತೋರಿಸೋದು? ಅವರ ಮಗ ಬದುಕಿದಾನೆ, ಒಣಮೀನು ತಂದುಕೊಡ್ತಾನೆ.

ಸರಿ, ಈಗ ಹೇಳು ಸಾನ್ವಿ. ನಿನ್ನ ಬಳೆ ಏನಾಯ್ತು? ಜೋರಾಗಿ ಹೇಳು, ಅಜ್ಜಿಗೆ ಕೇಳೋ ಹಾಗೆ. ಹೇಳೇ. ಯಾಕೆ ನೆಲ ನೋಡ್ತೀಯ? ಏನು? ಸ್ವಲ್ಪ ಜೋರಾಗಿ ಮಾತಾಡು... 'ಅಪ್ಪ ಲೋಡಿಗೆ ಹೋಗಿದಾರಲ್ಲಮ್ಮ, ಬಂದ ಮೇಲೆ ಹೇಳ್ತೀನಿ'?

ಕೇಳಿದ್ಯಾ ಐಶು. ಇಷ್ಟು ಹೊತ್ತು ಗಂಟಲು ಹರ್ಕೊಂಡು ಇದಕ್ಕಾ ಹೇಳಿದ್ದು ನಾನು. ಲಾರೀನ ಬ್ರೇಕು ಕಾಯುತ್ತೆ ಕಣೇ, ನಿನ್ನ ಬಾಯಿ ಅಲ್ಲ. ಒಡೆದಿದ್ದನ್ನ ಒಡೀತು ಅಂದ್ರೇನೇ ಹೊಲಿಯೋರು ಸಿಗೋದು. ಏಳು, ಚಪ್ಪಲಿ ಮೆಟ್ಕೊಂಡು ಪೊರಕೆ ತಾ.